ಚೆಂಡಿನ ಮರೆಯ ಮಾತು

ಅತ್ತಿಗೆ: ಸುಳ್ಳು ಹೇಳಬೇಡ ಕಣೇ. ಕಣ್ಣಾರೆ ನೋಡ್ಕೊಂಡು ಬಂದಿದ್ದೀನಿ.

ನಾದಿನಿ: ಅತ್ತಿಗೆ, ಮೊದಲು ಸರ್ವಿಸ್ ಮಾಡಿ. ಜಗಳ ಮನೆಗೆ ಹೋಗಿ ಆಡೋಣ.

ಅತ್ತಿಗೆ ಬಾಯಿಗೆ ಚೆಂಡು ಅಡ್ಡ ಹಿಡಿದಿದ್ದಳು, ನಾದಿನಿ ಅಂಗೈ. ಡಬಲ್ಸ್ ಆಡುವವರ ರೂಢಿ ಅದು; ತುಟಿ ನೋಡಿ ಎದುರಾಳಿಗಳು ಗುಟ್ಟು ತಿಳಿದುಕೊಳ್ಳಬಾರದಲ್ಲ! ಮಹಿಳಾ ಟೆನಿಸ್ ಡಬಲ್ಸ್ ಸೆಮಿಫೈನಲ್. ತಲಾ ಒಂದು ಸೆಟ್ ಗೆದ್ದು, ಈಗ ಮೊದಲು ಹತ್ತು ಪಾಯಿಂಟ್ ಮುಟ್ಟಿದವರು ಗೆಲ್ಲುವ ಟೈಬ್ರೇಕ್ ನಡೆಯುತ್ತಿತ್ತು. ಇವರದು ಏಳು, ಎದುರಿನವರದು ಎಂಟು. ಆರು ವರ್ಷದಿಂದ ಜೊತೆಯಾಗಿ ಆಡುತ್ತಿದ್ದರೂ ಈ ಅತ್ತಿಗೆ-ನಾದಿನಿ ಇನ್ನೂ ಒಂದು ಫೈನಲ್ಲಿನ ಮುಖ ಕಂಡಿರಲಿಲ್ಲ.

ಅತ್ತಿಗೆ: ಎರಡನೇ ಸೆಟ್ ಆದ್ಮೇಲೆ ಬಾತ್‌ರೂಮಿಗೆ ಹೋಗಿದ್ನಲ್ಲ, ಅಲ್ಲೇ ಗೋಡೆ ಮೇಲೆ ಅಂಟಿಸಿದ್ದಾರೆ. ಮುಂದಿನ ವಾರದ ಟೂರ್ನಿ ಪಟ್ಟಿ. ನಿನ್ನ ಹೆಸರು, ಪಕ್ಕದಲ್ಲಿ ಏಣಿ ಹೆಸರು!

ಏಣಿ ಎಂದರೆ ನೆಟ್ಟಿನ ಆಚೆ ನಿಂತಿದ್ದ ಎದುರಾಳಿ. ಆರಡಿ ಎರಡಂಗುಲ ಎತ್ತರದವಳಿಗೆ ಆಟಗಾರ್ತಿಯರೆಲ್ಲ ಸೇರಿ ಇಟ್ಟ ಹೆಸರು.

ನಾದಿನಿ: ಇನ್ನು ಆಡಲ್ಲ, ಮೊಣಕಾಲು ಕೈಕೊಡ್ತು, ಇದೇ ಕೊನೇ ಟೂರ್ನಿ ಅಂದಿದ್ದು ಯಾರು?

ಅತ್ತಿಗೆ: ಸೋತಾಗೆಲ್ಲ ಹಾಗೇ ಅಂತೀನಿ. ಹೋದ ವರ್ಷ ನಾಲ್ಕು ಸಲ ಅಂದಿದ್ದೆ!

ನಾದಿನಿ: ಈ ಸಲ ಅಣ್ಣನಿಗೂ ಹೇಳಿದ್ರಲ್ಲ.

ಅತ್ತಿಗೆ: ನಿಮ್ಮಣ್ಣನಿಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ.

ಗೋಡೆ ಮೊದಲ ಸಾಲಿನಲ್ಲಿ ಕೂತಿತ್ತು. ಅತ್ತಿಗೆಗೆ ಗಂಡ, ನಾದಿನಿಗೆ ಅಣ್ಣ, ಇಬ್ಬರಿಗೂ ಕೋಚ್. ಪ್ರತಿ ಪಾಯಿಂಟಿಗೂ ಮುಂಚೆ ಮಾತಾಡಿಕೊಳ್ಳಿ ಎಂದು ಆರು ವರ್ಷದಿಂದ ಬಡಿದುಕೊಳ್ಳುತ್ತಿದ್ದ ಮನುಷ್ಯ, ಇವತ್ತು ಇಬ್ಬರೂ ಇಷ್ಟು ಶ್ರದ್ಧೆಯಿಂದ ಮಾತಾಡುವುದನ್ನು ಕಂಡು ಕಣ್ಣು ತುಂಬಿಕೊಂಡು ಚಪ್ಪಾಳೆ ತಟ್ಟಿದ.

ಅಂಪೈರ್: ಸಮಯ ಮೀರಿದೆ. ಮೊದಲ ಎಚ್ಚರಿಕೆ.

ನಾದಿನಿ: ಕೇಳಿಸ್ತಾ? ಇನ್ನೊಂದು ಸಲ ಆದ್ರೆ ಒಂದು ಸರ್ವಿಸ್ ಹೋಗುತ್ತೆ.

ಅತ್ತಿಗೆ: ಹೋಗೋದೆಲ್ಲ ಹೋಗ್ಲಿ. ನಾದಿನಿನೇ ಹೋದ್ಮೇಲೆ ಸರ್ವಿಸ್ ಯಾವ ಲೆಕ್ಕ!

ನಾದಿನಿ ನೆಟ್ಟಿನ ಹತ್ತಿರ ಹೋಗಿ ಬಗ್ಗಿ ನಿಂತಳು. ಎತ್ತ ಕಡೆ ಹೊಡೆಯಬೇಕೆಂದು ಬೆನ್ನ ಹಿಂದೆ ಬೆರಳಲ್ಲಿ ಸನ್ನೆ ಮಾಡುವುದು ಅವಳ ಕೆಲಸ. ಇವತ್ತು ಐದೂ ಬೆರಳು ಬಿಡಿಸಿ, ಸಾಕು ಮಾಡಿ ಎಂದು ಅಲ್ಲಾಡಿಸಿದಳು. ಅತ್ತಿಗೆ ಸಾಕು ಮಾಡಲಿಲ್ಲ. ಬೀಸಿದ ಸರ್ವಿಸ್ ಸೀದಾ ಹೋಗಿ ಏಣಿಯ ಸೊಂಟಕ್ಕೆ ಬಡಿಯಿತು. ಚೆಂಡು ಮೈಗೆ ತಗುಲಿದರೆ ಪಾಯಿಂಟ್ ಹೊಡೆದವರಿಗೆ; ಎಂಟು-ಎಂಟು. ಅತ್ತಿಗೆ ರಾಕೆಟ್ ಎತ್ತಿ ಕ್ಷಮೆ ಕೇಳಿದಳು. ಮುಖದಲ್ಲಿ ಮಾತ್ರ ಕ್ಷಮೆಯ ಸುಳಿವೇ ಇರಲಿಲ್ಲ.

ನಾದಿನಿ: ಬೇಕಂತಲೇ ಹೊಡೆದ್ರಿ!

ಅತ್ತಿಗೆ: ಪಾಯಿಂಟ್ ಬಂತೋ ಇಲ್ವೋ? ನೀನು ಮೊದಲ ಸೆಟ್ಟಿಂದ ಒಂದು ಚೆಂಡನ್ನಾದ್ರೂ ಅವಳ ಕಡೆ ಹೊಡೆದಿದ್ದೀಯಾ? ಎಲ್ಲಾ ಆ ಪಕ್ಕದವಳಿಗೆ. ಹಾವೂ ಸಾಯಬಾರದು, ಕೋಲೂ ಮುರೀಬಾರದು, ಅಲ್ವಾ?

ನಾದಿನಿ: ಹಾಗೇನಿಲ್ಲ, ಅವಳ ಕೈ ಉದ್ದ, ಅದಕ್ಕೆ...

ಅತ್ತಿಗೆ: ಹಾಗಾದ್ರೆ ಈಗ ಅವಳ ಮೇಲೇ ಹೊಡಿ. ಆಗ ನಂಬ್ತೀನಿ.

ನಾದಿನಿ: ಮುಂದಿನ ವಾರ ಜೊತೆಗೆ ಆಡಬೇಕಾದವಳ ಮೇಲೆ ಹೇಗೆ ಹೊಡೀಲಿ?

ಅತ್ತಿಗೆ: ಓಹೋ! ಅಂದ್ರೆ ಆಡ್ತೀಯ! ಬಾಯಿಂದಲೇ ಬಂತಲ್ಲ! ನಿನಗೆ ರಾಕೆಟ್ ಹಿಡಿಯೋಕೆ ಹೇಳಿಕೊಟ್ಟವಳು ನಾನು ಕಣೇ. ನಿಮ್ಮಣ್ಣನ್ನ ಮದುವೆ ಆಗೋಕೂ ಮುಂಚೆ!

ನಾದಿನಿ: ನೀವಿಲ್ಲದೆ ನಾನೊಬ್ಬಳೇ ಏನು ಮಾಡ್ಲಿ ಅತ್ತಿಗೆ? ಮನೇಲಿ ಕೂತು ಅಳಲಾ? ಆ ಪಟ್ಟಿಗೆ ಸಹಿ ಹಾಕುವಾಗಲೂ ಅಳ್ತಾನೇ ಇದ್ದೆ!

ಅತ್ತಿಗೆ ನಾದಿನಿಯ ಬೆನ್ನು ತಟ್ಟಿ, ಹೋಗಿ ಸರ್ವಿಸ್ ಮಾಡಿದಳು. ಚೆಂಡು ವಾಪಸ್ ಬಂದದ್ದೇ ನಾದಿನಿ ಅಡ್ಡ ಹಾರಿ, ಕಣ್ಣು ಮುಚ್ಚಿಕೊಂಡು ಏಣಿಯ ಎದೆಗೇ ಬಾರಿಸಿದಳು. ಒಂಬತ್ತು-ಎಂಟು. ಮ್ಯಾಚ್ ಪಾಯಿಂಟ್.

ಅತ್ತಿಗೆ: ಅಯ್ಯೋ ಪಾಪ, ಅಷ್ಟು ಜೋರಾಗಿ ಹೊಡೆಯೋದಾ?

ನಾದಿನಿ: ನೀವೇ ತಾನೇ ಹೇಳಿದ್ದು!

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮರೆ ಹಿಡಿದದ್ದು ಬಾಯಿಗೆ, ಕುಲುಕುವ ಭುಜಕ್ಕಲ್ಲ. ಈಗ ಸರ್ವಿಸ್ ಏಣಿಯದು. ಇನ್ನೇನು ಕಾದಿದೆಯೋ ಎಂದು ಅವಳು ಇವರನ್ನೇ ನೋಡುತ್ತ ಮೊದಲ ಚೆಂಡನ್ನು ನೆಟ್ಟಿಗೆ ಹೊಡೆದಳು. ಎರಡನೆಯದನ್ನು ಗೆರೆಯಾಚೆ ಹೊಡೆದಳು. ಎರಡೂ ಸರ್ವಿಸ್ ತಪ್ಪಿ ಪಾಯಿಂಟ್ ಇವರಿಗೆ ಬಂತು; ಮ್ಯಾಚ್ ಮುಗಿಯಿತು, ಅತ್ತಿಗೆ-ನಾದಿನಿ ಫೈನಲ್ ತಲುಪಿದರು. ಮೊದಲ ಸಾಲಿನ ಗೋಡೆ ಕುರ್ಚಿ ಹತ್ತಿ ಕುಣಿಯಿತು.

ಕೈ ಕುಲುಕಲು ಏಣಿ ಸೊಂಟ ಹಿಡಿದುಕೊಂಡು ಬಂದಳು.

ಏಣಿ: (ನಾದಿನಿಗೆ) ತಪ್ಪು ತಿಳ್ಕೋಬೇಡಿ, ಮುಂದಿನ ವಾರ ನಿಮ್ಮ ಜೊತೆ ಆಗಲ್ಲ. (ಅತ್ತಿಗೆಗೆ) ನೀವು ನನ್ನ ಜೊತೆ ಆಡ್ತೀರಾ? ಒಂದೊಂದು ಪಾಯಿಂಟಿಗೂ ಎಷ್ಟು ಯೋಚನೆ, ಎಷ್ಟು ಪ್ಲಾನು! ನನ್ನ ಜೊತೆಗಾರ್ತಿ ಬಾಯೇ ಬಿಡಲ್ಲ. ಹೆಸರು ಬದಲಾಯಿಸೋಕೆ ಐದು ಗಂಟೆವರೆಗೂ ಟೈಮಿದೆ.

ನಾದಿನಿಯ ಮುಖ ಬಿಳಿಚಿಕೊಂಡಿತು.

ನಾದಿನಿ: ಅವರು ಎಲ್ಲಿ ಆಡ್ತಾರೆ! ಅವರಿಗೆ ಮೊಣಕಾಲು ನೋವು ಕಣ್ರೀ. ಇದೇ ಕೊನೇ ಟೂರ್ನಿ!

ಅತ್ತಿಗೆ: ಯಾವ ಮೊಣಕಾಲು?

ಹಾಗಂದವಳೇ ನಿಂತಲ್ಲೇ ಮೂರು ಸಲ ಕುಪ್ಪಳಿಸಿ ತೋರಿಸಿದಳು. ನಾದಿನಿ ಸ್ಕೋರ್‌ಬೋರ್ಡಿನ ಗಡಿಯಾರ ನೋಡಿದಳು. ಐದಕ್ಕೆ ನಾಲ್ಕು ನಿಮಿಷ. ಅತ್ತಿಗೆಯ ಮಣಿಕಟ್ಟು ಹಿಡಿದು ಟೂರ್ನಿ ಆಫೀಸಿನ ಕಡೆಗೆ ಎಳೆದುಕೊಂಡು ಓಡಿದಳು.

ಅತ್ತಿಗೆ: ಎಲ್ಲಿಗೇ? ನಿಧಾನ!

ನಾದಿನಿ: ಏಣಿ ಹೆಸರು ಹೊಡೆದುಹಾಕಿ ನಿಮ್ಮ ಹೆಸರು ಬರೆಸೋಕೆ. ಬಾಗಿಲು ಹಾಕಿಬಿಡ್ತಾರೆ, ಬೇಗ ಬನ್ನಿ!

ಅತ್ತಿಗೆ: ಮೆಟ್ಟಿಲು ಕಣೇ! ಅಯ್ಯಯ್ಯೋ, ಮೊಣಕಾಲು ಕಣೇ, ಮೊಣಕಾಲು!

ನಾದಿನಿ: ಯಾವ ಮೊಣಕಾಲು, ಅತ್ತಿಗೆ?