ಎಣ್ಣೆಯಲ್ಲಿ ಮಾಯವಾದ ಬೋಗುಣಿ

ನನ್ನ ಕೆಲಸ ಗಾಜು ಒಡೆಯುವುದು. ನಗಬೇಡಿ, ಸಂಬಳ ಕೊಟ್ಟು ಒಡೆಸುತ್ತಾರೆ. ನಮ್ಮ ಕಾರ್ಖಾನೆಯಲ್ಲಿ ಬೆಂಕಿ ತಡೆಯುವ ಗಾಜಿನ ಪಾತ್ರೆ, ಓವನ್ನಿನ ಬಾಗಿಲು, ಒಲೆಯ ಮೇಲೆ ಕೂರಿಸುವ ಗ್ಲಾಸ್ ಸೆರಾಮಿಕ್ ಹಲಗೆ ಎಲ್ಲ ತಯಾರಾಗುತ್ತವೆ. ಅವನ್ನು ಚೆನ್ನಾಗಿ ಕಾಯಿಸಿ, ತಣ್ಣೀರಿಗೆ ಅದ್ದಿ, ಬಿರುಕು ಬಿಟ್ಟಿತೋ ಇಲ್ಲವೋ ಎಂದು ಬರೆದಿಡುವ ಮಹತ್ಕಾರ್ಯ ಇಪ್ಪತ್ತೆರಡು ವರ್ಷಗಳಿಂದ ನನ್ನದು. ಇಪ್ಪತ್ತು ವರ್ಷ ತುಂಬಿದಾಗ ಮ್ಯಾನೇಜರ್ ಸಾಹೇಬರು ಹೂಬಳ್ಳಿಯ ನಡುವೆ ನನ್ನ ಹೆಸರು ಕೆತ್ತಿದ ಗಾಜಿನ ತಟ್ಟೆಯೊಂದನ್ನು ಕೈಗಿತ್ತು, "ಇದೂ ನಿಮ್ಮ ಹಾಗೇ, ಯಾವ ಬೆಂಕಿಗೂ ಜಗ್ಗಲ್ಲ" ಎಂದಿದ್ದರು. ಅಂದಿನಿಂದ ಅದು ನಮ್ಮ ಶೋಕೇಸಿನಲ್ಲಿ ವಿರಾಜಮಾನವಾಗಿದೆ. ಮನೆಗೆ ಬಂದವರು ಅದನ್ನು ನೋಡದೆ ಕುರ್ಚಿಯಲ್ಲಿ ಕೂರುವಂತಿಲ್ಲ.

ಇಂಥ ಪಂಡಿತನ ಮಾತಿಗೆ ಸ್ವಂತ ಅಡುಗೆಮನೆಯಲ್ಲಿ ಮೂರು ಕಾಸಿನ ಕಿಮ್ಮತ್ತಿಲ್ಲ ಎಂದರೆ ಹೊಟ್ಟೆ ಉರಿಯುವುದಿಲ್ಲವೇ? ಕಾರಣ, ಒಂದು ಗಾಜಿನ ಬೋಗುಣಿ. ನನ್ನ ಅತ್ತೆಯವರು ತೀರಿಕೊಂಡ ಮೇಲೆ ಹೆಂಡತಿಯ ಅಕ್ಕ ಬಳೆಗಳನ್ನು ತೆಗೆದುಕೊಂಡರು. ಇವಳು, "ನನಗೆ ಅಮ್ಮನ ಬೋಗುಣಿ ಸಾಕು" ಎಂದಳು. ತಾಯಿಯದು ಅಂತ ಇವಳ ಹತ್ತಿರ ಇರುವುದು ಅದೊಂದೇ. ಅದರ ತಳದಲ್ಲಿ ಯಾವ ಕಂಪನಿಯ ಗುರುತೂ ಇಲ್ಲ. ಅದನ್ನು ಒಲೆಯ ಮೇಲಿಟ್ಟು ದಿನಾ ಹಾಲು ಕಾಯಿಸುತ್ತಾಳೆ, ಅದೂ ನನ್ನ ಕಣ್ಣೆದುರಿಗೇ!

"ಅದು ಮಾಮೂಲಿ ಗಾಜು ಕಣೇ. ಬಿಸಿ ತಾಗಿದ ಕಡೆ ಹಿಗ್ಗುತ್ತೆ, ತಾಗದ ಕಡೆ ಹಿಗ್ಗಲ್ಲ. ಆ ಎಳೆದಾಟದಲ್ಲಿ ಒಂದು ದಿನ ಢಮಾರ್ ಅನ್ನುತ್ತೆ ನೋಡು. ನಮ್ಮ ಕಾರ್ಖಾನೆ ಪಾತ್ರೇಲಿ ಬೋರಾನ್ ಇರುತ್ತೆ, ಅದಕ್ಕೇ ಆ ಗಾಜು ಹಿಗ್ಗೋದೇ ಕಮ್ಮಿ."

"ಅಮ್ಮ ಮೂವತ್ತು ವರ್ಷ ಇದರಲ್ಲೇ ಕಾಯಿಸಿದಾರೆ, ಏನೂ ಆಗಿಲ್ಲ. ಈ ಮನೇಲಿ ಹಿಗ್ಗೋದು ನೀವೊಬ್ಬರೇ, ಆ ತಟ್ಟೆ ನೋಡಿದಾಗಲೆಲ್ಲ."

"ನಿಮ್ಮಮ್ಮನಿಗೆ ಬೋರಾನ್ ಅಂದ್ರೆ ಏನು ಗೊತ್ತೇ?"

ಇದನ್ನು ಕೇಳಬಾರದಿತ್ತು. ಮೂರು ದಿನ ಮನೆಯಲ್ಲಿ "ಹೂಂ", "ಊಹೂಂ" ಬಿಟ್ಟು ಬೇರೆ ಮಾತಿರಲಿಲ್ಲ.

ಭಾನುವಾರ ಅವಳು ಅಕ್ಕನ ಮನೆಗೆ ಹೊರಟಳು. ಬಾಗಿಲು ಮುಚ್ಚಿದ್ದೇ ತಡ, ನನ್ನ ತಲೆಯಲ್ಲಿ ದೀಪ ಹೊತ್ತಿಕೊಂಡಿತು. ನಮ್ಮ ಕಸುಬಿನಲ್ಲಿ ಒಂದು ಹಳೆಯ ಉಪಾಯವಿದೆ. ಬೆಂಕಿ ತಡೆಯುವ ಬೋರಾನ್ ಗಾಜನ್ನು ಅಡುಗೆ ಎಣ್ಣೆಯಲ್ಲಿ ಮುಳುಗಿಸಿದರೆ ಅದು ಕಣ್ಣಿಗೆ ಕಾಣುವುದಿಲ್ಲ. ಎಣ್ಣೆಯೂ ಆ ಗಾಜೂ ಬೆಳಕನ್ನು ಹೆಚ್ಚುಕಡಿಮೆ ಒಂದೇ ಸಮ ಬಗ್ಗಿಸುವುದರಿಂದ ಅಂಚು ಎಲ್ಲಿದೆ ಎಂದೇ ತಿಳಿಯದು. ಮಾಮೂಲಿ ಗಾಜಾದರೆ ಸ್ಪಷ್ಟವಾಗಿ ಕಾಣುತ್ತದೆ. ಇವತ್ತು ಸಾಕ್ಷಿ ಸಮೇತ ಗೆದ್ದೇ ಬಿಡುತ್ತೇನೆ ಎಂದುಕೊಂಡು, ಐದು ಲೀಟರ್ ಡಬ್ಬಿಯನ್ನು ದೊಡ್ಡ ಪಾತ್ರೆಗೆ ಬಗ್ಗಿಸಿ (ತಿಂಗಳ ಎಣ್ಣೆ, ಇರಲಿ) ಬೋಗುಣಿಯನ್ನು ಮೆಲ್ಲನೆ ಮುಳುಗಿಸಿದೆ.

ಮಾಯ! ಕನ್ನಡಕ ಒರೆಸಿಕೊಂಡು ನೋಡಿದೆ. ಎಣ್ಣೆ ಬಿಟ್ಟರೆ ಏನೂ ಇಲ್ಲ.

ಸೋತೆ ಎನ್ನಿಸಲಿಲ್ಲ, ಅದೇ ಆಶ್ಚರ್ಯ. ಅತ್ತೆಯವರ ಮುಖ ನೆನಪಾಯಿತು. ಮದುವೆಯಾದ ವರ್ಷವೇ ಕಾರ್ಖಾನೆಗೆ ಬೀಗ ಬಿದ್ದು, ಆರು ತಿಂಗಳು ನಾವು ಅವರ ಮನೆಯಲ್ಲೇ ಇದ್ದೆವು. ಬಾಗಿಲು ಯಾವಾಗ ತೆಗೀತಾರೆ ಎಂದು ಒಂದು ದಿನವೂ ಕೇಳದೆ, ಆ ತಾಯಿ ಇದೇ ಬೋಗುಣಿಯಲ್ಲಿ ಹಾಲು ಕಾಯಿಸಿ ಮೊದಲ ಲೋಟ ನನಗೇ ಕೊಡುತ್ತಿದ್ದರು. ಅವರಿಗೆ ಏನು ಗೊತ್ತು ಎಂದು ಕೇಳಿದ್ದೆನಲ್ಲ, ನನ್ನ ಬಾಯಿಗಿಷ್ಟು! ತಪ್ಪೊಪ್ಪಿಕೊಳ್ಳಲು ಬರಿಗೈಯಲ್ಲಿ ನಿಲ್ಲಬಾರದೆಂದು, ಎಲ್ಲವನ್ನೂ ಹಾಗೇ ಬಿಟ್ಟು ಸಿಹಿ ತರಲು ಬೀದಿ ತುದಿಯ ಅಂಗಡಿಗೆ ಓಡಿದೆ.

ಅಂಗಡಿಯ ನೂಕುನುಗ್ಗಲು ದಾಟಿ ಹಿಂತಿರುಗುವಷ್ಟರಲ್ಲಿ, ಅಕ್ಕ ಮನೆಯಲ್ಲಿಲ್ಲವೆಂದು ಇವಳು ವಾಪಸು ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದಳು.

"ಬೋಗುಣಿ ಎಲ್ಲಿ ರೀ?"

"ಆ ಪಾತ್ರೇಲೇ ಇದೆ."

"ಕಾಣ್ತಿಲ್ವಲ್ಲ?"

"ಕಾಣಲ್ಲ ಕಣೇ! ಕಾಣದೇ ಇರೋದೇ ಸಂತೋಷದ ಸಮಾಚಾರ!"

"ಒಡೆದುಬಿಟ್ರಾ?" ದನಿ ತೀರಾ ಸಣ್ಣದಾಗಿತ್ತು.

"ಅಯ್ಯೋ, ಇಲ್ಲ! ನೋಡು, ಈಗ ತೆಗೀತೀನಿ" ಎಂದು ಸಿಹಿಯ ಪೊಟ್ಟಣ ಬದಿಗಿಟ್ಟು ಕೈ ಅದ್ದಿದೆ. ತಳ ಸಿಕ್ಕಿತು. ಬೋಗುಣಿ ಸಿಗಲಿಲ್ಲ. ಅಂಗಿಯ ತೋಳು ಮಡಚಿ ಎರಡೂ ಕೈ ಮೊಣಕೈವರೆಗೆ ಇಳಿಸಿ ಮೂಲೆ ಮೂಲೆ ತಡಕಿದೆ (ದುಂಡನೆಯ ಪಾತ್ರೆಗೆ ಮೂಲೆ ಎಲ್ಲಿಂದ ಬರಬೇಕು!). ಗಾಜು ಎಣ್ಣೆಯಲ್ಲಿ ಕರಗಿತೇ ಎಂಬ ಸಂಶಯ ಬಂತು. ಇಪ್ಪತ್ತೆರಡು ವರ್ಷದ ಅನುಭವಿ ಇದನ್ನು ಒಪ್ಪಿಕೊಳ್ಳಲು ನಾಚಬೇಕು, ಆದರೆ ಬಂದದ್ದು ನಿಜ.

ಕೊನೆಗೆ ಅಲ್ಲೇ ನೆಲದ ಮೇಲೆ ಕುಸಿದು ಕೂತೆ.

"ಏನಾಯ್ತೋ ಗೊತ್ತಾಗ್ತಿಲ್ಲ ಕಣೇ. ತಪ್ಪು ನಂದೇ. ನಿಮ್ಮಮ್ಮಂದು ಅಸಲಿ ಗಾಜು, ನಾನೇ ದಡ್ಡ. ಆ ಆರು ತಿಂಗಳು ಅವರು ಕೊಟ್ಟ ಹಾಲು ಕುಡಿದೇ ನಾನು ತಲೆ ಎತ್ತಿ ಓಡಾಡಿದ್ದು. ಅವರಿದ್ದಾಗ ಒಂದು ಸಲನಾದ್ರೂ ಹೇಳಬೇಕಿತ್ತು. ಹೇಳಲೇ ಇಲ್ಲ."

ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳೋಣವೆಂದರೆ ಕೈತುಂಬ ಎಣ್ಣೆ.

ಇವಳು ಎದ್ದು ಬೀರು ತೆಗೆದಳು. ತೊಳೆದು ಒರೆಸಿದ ಬೋಗುಣಿ ಒಳಗೆ ಥಳಥಳ ಹೊಳೆಯುತ್ತಿತ್ತು!

"ಬಂದು ಎಣ್ಣೆ ನೋಡಿದ ತಕ್ಷಣ ಗೊತ್ತಾಯ್ತು. ಸೌಟು ಇಳಿಸಿದೆ, ಟಣ್ ಅಂತು. ಚಿಕ್ಕವರಿದ್ದಾಗ ನಾನೋ ಅಕ್ಕನೋ ಹಟ ಮಾಡಿದ್ರೆ, ಅಮ್ಮ ಇದಕ್ಕೆ ಎಣ್ಣೆ ಹೊಯ್ದು ಇದರ ಜೊತೆಯ ಪುಟ್ಟ ಬಟ್ಟಲನ್ನ ಮಾಯ ಮಾಡಿ ತೋರಿಸ್ತಿದ್ರು. ವ್ಯಾಪಾರದವನು ಹಾಗೇ ತೋರಿಸಿ ಮಾರಿದ್ನಂತೆ. ಬೆಂಕಿಗೆ ಹೆದರದ ಗಾಜು ಎಣ್ಣೇಲಿ ಅಡಗಿ ಕೂರುತ್ತೆ ಅಂತಿದ್ರು. ಬೋರಾನ್ ಅನ್ನೋ ಹೆಸರೊಂದು ಹೇಳಿರಲಿಲ್ಲ ಅಷ್ಟೇ."

"ಮತ್ತೆ ಇಷ್ಟು ಹೊತ್ತು ಸುಮ್ಮನೆ ಕೂತಿದ್ಯಲ್ಲೇ!"

"ಅಮ್ಮನ ಬಗ್ಗೆ ಅಷ್ಟು ಒಳ್ಳೆ ಮಾತಾಡ್ತಿದ್ರಿ. ಮಧ್ಯೆ ಬಾಯಿ ಹಾಕೋಕೆ ಮನಸ್ಸಾಗಲಿಲ್ಲ" ಎಂದು ಸೆರಗಿನಿಂದ ನನ್ನ ಕಣ್ಣೊರೆಸಿದಳು. ತನ್ನದನ್ನೂ ಒರೆಸಿಕೊಂಡಳು.

ಅಲ್ಲಿಗೆ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು! "ಎಣ್ಣೆ ಹೇಗೂ ಇದೆಯಲ್ಲ" ಎನ್ನುತ್ತ ಶೋಕೇಸಿನಿಂದ ನನ್ನ ತಟ್ಟೆ ತಂದು ಮುಳುಗಿಸಿದಳು. ಇಬ್ಬರೂ ಬಗ್ಗಿ ನೋಡಿದೆವು. ಅಂಚು, ಹೂಬಳ್ಳಿ, ನನ್ನ ಹೆಸರಿನ ಒಂದೊಂದು ಅಕ್ಷರವೂ ಎದ್ದು ಕಾಣುತ್ತಿತ್ತು.

"ಎಷ್ಟು ಚೆನ್ನಾಗಿ ಕಾಣ್ತಿದೆ ರೀ!" ಎಂದಳು.

ತಟ್ಟೆಯನ್ನು ಅವಳೇ ತೊಳೆದು, ಬಿಸಿಲೂ ತಾಗದ ಕಡೆ ಜೋಪಾನವಾಗಿ ಇಟ್ಟಳು. ಆಮೇಲೆ ಬೋಗುಣಿ ಒಲೆಗೇರಿತು. ಮೊದಲ ಲೋಟ ಹಾಲು ನನಗೇ ಬಂತು. ಗಟಗಟ ಕುಡಿಯಲು ಹೋದವನ ಕೈ ಹಿಡಿದು ಹೇಳಿದಳು:

"ನಿಧಾನ, ಬಿಸಿ ಇದೆ. ಮ್ಯಾನೇಜರು ಸರಿಯಾಗೇ ಹೇಳಿದಾರೆ, ತಟ್ಟೆ ನಿಮ್ಮ ಹಾಗೇ. ನೀವೂ ಮಾಮೂಲಿ ಗಾಜೇ."