ಎಣ್ಣೆ ಹಲಗೆಯ ಮೇಲೊಂದು ಅಚ್ಚಿನ ತಪ್ಪು

ಸುಮ್ಮನಿರುವುದು ಒಂದು ವಿದ್ಯೆ. ಕೆಲವರಿಗೆ ಅದು ಹುಟ್ಟಿನಿಂದಲೇ ಬಂದಿರುತ್ತದೆ. ನಮ್ಮ ಬಂಟ್ವಾಳದ ಬಸ್ ನಿಲ್ದಾಣದಲ್ಲಿ ಗಂಟೆಗಟ್ಟಲೆ ಕಂಬಕ್ಕೆ ಒರಗಿ ನಿಂತು, ಬರುವ ಬಸ್ಸನ್ನೂ ಹೋಗುವ ಬಸ್ಸನ್ನೂ ಒಂದೇ ಸಮಾಧಾನದಿಂದ ನೋಡುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನ್ನಿಂದ ಅದು ಆಗುವುದಿಲ್ಲ. ಕುಳಿತರೆ ಕಾಲು ಅಲ್ಲಾಡುತ್ತದೆ, ಕಾಲನ್ನು ಹಿಡಿದಿಟ್ಟರೆ ಬೆರಳು ಮೇಜು ಬಡಿಯುತ್ತದೆ, ಬೆರಳನ್ನೂ ಮಡಚಿಟ್ಟರೆ ಕಣ್ಣು ಗೋಡೆಯ ಮೇಲಿನ ಬರಹದಲ್ಲಿ ತಪ್ಪು ಹುಡುಕತೊಡಗುತ್ತದೆ. ಇದರಲ್ಲಿ ನನ್ನ ಉದ್ಯೋಗದ ಪಾಲೂ ಇದೆ. ಪೇಟೆಯಲ್ಲಿ ನನ್ನದೊಂದು ಪುಟ್ಟ ಪ್ರೆಸ್ಸು. ಮದುವೆ, ನಿಖಾಹ್, ಗೃಹಪ್ರವೇಶ, ಉತ್ತರಕ್ರಿಯೆ, ಹೀಗೆ ಮನುಷ್ಯನಿಗೆ ಆಗಬಹುದಾದ ಎಲ್ಲದಕ್ಕೂ ಕಾಗದ ಅಚ್ಚು ಹಾಕಿ ಕೊಡುತ್ತೇನೆ. ಕರಡು ತಿದ್ದುವ ಕೆಲಸವನ್ನು ಮಾತ್ರ ಇನ್ನೊಬ್ಬರಿಗೆ ಬಿಟ್ಟವನಲ್ಲ. ‘ವಧು’ವಿನ ಕೊಂಬು ಬಿದ್ದುಹೋದರೆ ‘ವಧ’ವಾಗುತ್ತದೆ, ಆಮೇಲೆ ಹುಡುಗಿಯ ಕಡೆಯವರು ಪ್ರೆಸ್ಸಿನ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಹಾಗಾಗಿ ಒಂದಕ್ಷರವೂ ನನ್ನ ಕಣ್ಣು ತಪ್ಪಿಸಿ ಹೋಗುವುದಿಲ್ಲ ಎಂಬ ಜಂಬ ನನಗಿತ್ತು. ಕಣ್ಣಿನ ವಿಷಯದಲ್ಲಿ ಅದು ಈಗಲೂ ಇದೆ. ಕೆಟ್ಟದ್ದು ಕಿವಿ.

ನನ್ನ ಹೆಂಡತಿ ವಾರಿಜಾ ಮಡಂತ್ಯಾರಿನ ಹತ್ತಿರದ ಶಾಲೆಯಲ್ಲಿ ಟೀಚರಾಗಿದ್ದು ಈ ಬೇಸಿಗೆಯಲ್ಲಿ ನಿವೃತ್ತಳಾದಳು. ಬೀಳ್ಕೊಡುಗೆಗೆ ಸಹೋದ್ಯೋಗಿಗಳು ಶಾಲು, ಹಣ್ಣಿನ ಬುಟ್ಟಿಯ ಜೊತೆಗೆ ಒಂದು ಕೂಪನ್ನನ್ನೂ ಕೊಟ್ಟರು. ಮಿಜಾರಿನಿಂದ ಸ್ವಲ್ಪ ಆಚೆಗಿರುವ ಒಂದು ಆಯುರ್ವೇದ ಸ್ಪಾದಲ್ಲಿ ಗಂಡ ಹೆಂಡಿರಿಬ್ಬರಿಗೂ ಅಭ್ಯಂಗ, ಹಬೆಸ್ನಾನ, ಕೊನೆಗೊಂದು ಲೋಟ ಕಷಾಯ. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ವಾರಿಜಾ ತಿಂಗಳುಗಟ್ಟಲೆ ಕಾದಳು. ನಾನು ಪ್ರತಿ ವಾರ ಒಂದೊಂದು ನೆಪ ಹೇಳಿದೆ. ನೆಪವಲ್ಲ, ನಿಜವಾಗಿಯೂ ಕೆಲಸವಿತ್ತು ಎಂದು ಆಗ ನಂಬಿದ್ದೆ. ಕಡೆಗೊಂದು ಬೆಳಗ್ಗೆ ಅವಳು ಕೂಪನ್ನನ್ನು ಕಿತ್ತು ಚೀಲಕ್ಕೆ ಹಾಕಿಕೊಂಡು ನನ್ನ ಎದುರು ನಿಂತಳು. “ನಾಳೆ ಹೋಗುವ. ಅರ್ಧ ದಿನ. ಫೋನು ನನ್ನ ಚೀಲದಲ್ಲಿ. ಪ್ರೆಸ್ಸಿನ ಸುದ್ದಿ, ಕೆಲಸದ ಸುದ್ದಿ ಒಂದು ಮಾತು ಬಂದ್ರೆ ನಾನು ಇನ್ನು ಮುಂದೆ ನಿಮ್ಮನ್ನು ಎಲ್ಲಿಗೂ ಕರೆಯುವುದಿಲ್ಲ” ಎಂದಳು. ಜೋರು ಮಾಡಿ ಹೇಳಿದ್ದರೆ ನಾನೂ ಜೋರು ಮಾಡುತ್ತಿದ್ದೆ. ಅವಳು ಹಾಜರಿ ಕೂಗುವ ಧ್ವನಿಯಲ್ಲಿ ಹೇಳಿದಳು. ನನಗೆ ಹೆದರಿಕೆಯಾಗಿ, ಆಯಿತು ಎಂದು ಮಾತು ಕೊಟ್ಟೆ. ಅವಳು ಹೇಳಿದ ಹಾಗೆ ಮಾಡುವವಳು.

ಮಾರನೆಯ ದಿನ ಕಾರು ಅವಳೇ ಓಡಿಸಿದಳು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಹಮೀದಾಕರ ಮಗಳ ನಿಖಾಹ್ ಕಾಗದದ್ದೇ ಚಿಂತೆ. ಹಮೀದಾಕ ನಮ್ಮ ಪೇಟೆಯ ಫರ್ನಿಚರ್ ಅಂಗಡಿಯವರು, ಅಳಿಯ ದುಬೈಯಿಂದ ಬರುವ ದಿನ ಹತ್ತಿರವಾಗಿತ್ತು, ಅವರ ಕರಡನ್ನು ನಾನು ಇನ್ನೂ ನೋಡಿರಲಿಲ್ಲ. ಆದರೆ ತುಟಿ ಹೊಲಿದುಕೊಂಡು ಕುಳಿತೆ. ಸ್ಪಾ ತಲಪಿದರೆ, ಬಾಗಿಲಲ್ಲೇ ದೊಡ್ಡ ಬೋರ್ಡು: ‘ಸರ್ವಾಂಗ ಅಭಂಗ’. ಅಭ್ಯಂಗದ ಯಕಾರದ ಒತ್ತು ಬಿದ್ದುಹೋಗಿತ್ತು. ನನ್ನ ಕೈ ತನ್ನಷ್ಟಕ್ಕೇ ಕಿಸೆಯ ಪೆನ್ನಿಗೆ ಹೋಯಿತು. ವಾರಿಜಾ ಪೆನ್ನನ್ನೂ ತೆಗೆದು ಚೀಲಕ್ಕೆ ಹಾಕಿಕೊಂಡಳು. ಅಷ್ಟಾದ ಮೇಲೆ ಅವಳು ಹೆಂಗಸರ ಕಡೆಗೆ, ನಾನು ಗಂಡಸರ ಕಡೆಗೆ.

ನನ್ನನ್ನು ವಹಿಸಿಕೊಂಡವರು ಅಳದಂಗಡಿಯ ಸಂಜೀವಣ್ಣ. ಐವತ್ತರ ಹತ್ತಿರದ ಮಿತಭಾಷಿ, ಅಂಗೈ ಎಂದರೆ ಒಂದೊಂದು ಮಣೆ. ಅವರು ಕೊಟ್ಟ ಬಟ್ಟೆಯ ತುಂಡನ್ನು ಸೊಂಟಕ್ಕೆ ಕಟ್ಟಿಕೊಂಡಾಗ ನನ್ನ ಪ್ರೆಸ್ಸು, ವಯಸ್ಸು, ಪೇಟೆಯಲ್ಲಿನ ಮರ್ಯಾದೆ ಎಲ್ಲವೂ ಹೊರಗಿನ ಮೊಳೆಯಲ್ಲಿ ಅಂಗಿಯ ಜೊತೆ ನೇತಾಡುತ್ತಿರುವಂತೆ ಅನಿಸಿತು. ಮರದ ಹಲಗೆಯ ಮೇಲೆ ಅಂಗಾತ ಮಲಗಿಸಿ, ನೆತ್ತಿಗೆ ಎಣ್ಣೆ ತಟ್ಟಿ, ಕಿವಿಗಳಿಗೂ ಬೆಚ್ಚಗಿನ ಎಣ್ಣೆ ಬಿಟ್ಟು ಹತ್ತಿ ಇಟ್ಟರು. ಕಣ್ಣಿಗೆ ಒದ್ದೆ ಬಟ್ಟೆ. ಒಂದು ನಿಮಿಷ ಸುಮ್ಮನಿದ್ದೆ. ಎರಡನೆಯ ನಿಮಿಷಕ್ಕೆ ಎಡಗಾಲಿನ ಹೆಬ್ಬೆರಳು ಅಲ್ಲಾಡಿತು. ಸಂಜೀವಣ್ಣ ಅದನ್ನು ಹಿಡಿದು ನಿಲ್ಲಿಸಿದರು. ಬಲಗಾಲಿನದ್ದು ಶುರುವಾಯಿತು. ನಾನು ಹಲಗೆಯ ಮೇಲೆ ಜಾರುತ್ತಿದ್ದೆ, ಅವರು ಎಳೆದು ಎಳೆದು ನನ್ನನ್ನು ಮಧ್ಯಕ್ಕೆ ತರುತ್ತಿದ್ದರು. ಮೂಗಿನ ತುದಿ ತುರಿಸುತ್ತಿತ್ತು, ಕೈಯಲ್ಲಿ ಎಣ್ಣೆ. ಹಮೀದಾಕರ ಕಾಗದದಲ್ಲಿ ‘ಆಹ್ವಾನ’ದ ಹಕಾರಕ್ಕೆ ವಕಾರದ ಒತ್ತು ಸರಿ ಇದೆಯೋ ಇಲ್ಲವೋ ಎಂದು ಮುಚ್ಚಿದ ಕಣ್ಣಿನೊಳಗೆ ನೋಡುತ್ತಿದ್ದೆ.

ಆಗ ಸಂಜೀವಣ್ಣ ನನ್ನ ಭುಜವನ್ನು ಒತ್ತುತ್ತಾ ತುಳುವಿನಲ್ಲಿ ಕೇಳಿದರು: “ಬೇಲೆ ಉಂಡಾ?”

ತುಳುವಿನಲ್ಲಿ ಬೇಲೆ ಎಂದರೆ ಕೆಲಸ. ಕೆಲಸ ಉಂಟಾ ಎಂದು ಕೇಳುತ್ತಿದ್ದಾರೆ. ನನ್ನ ಚಡಪಡಿಕೆ ನೋಡಿ ಪಾಪ ಮನುಷ್ಯ ಅನುಕಂಪದಿಂದ ವಿಚಾರಿಸುತ್ತಿದ್ದಾನೆ ಎಂದುಕೊಂಡೆ. ವಾರಿಜಾಳಿಗೆ ಕೊಟ್ಟ ಮಾತು ನೆನಪಾಗದೆ ಇರಲಿಲ್ಲ. ಆದರೆ ನಡುವೆ ಎರಡು ಗೋಡೆಗಳಿದ್ದವು, ಬೆಳಗ್ಗಿನಿಂದ ಕಟ್ಟಿಟ್ಟ ಮಾತು ಗಂಟಲಲ್ಲೇ ಇತ್ತು. “ಉಂಡು, ಮಸ್ತ್ ಉಂಡು” ಎಂದುಬಿಟ್ಟೆ. ಉಂಟು, ತುಂಬಾ ಉಂಟು. ಭುಜದ ಮೇಲಿನ ಕೈ ಹಗುರವಾಯಿತು. “ಓಲು?” ಎಂದರು, ಎಲ್ಲಿ ಎಂದು. ಮನೆಯಲ್ಲೂ ಉಂಟು, ಪ್ರೆಸ್ಸಿನಲ್ಲೂ ಉಂಟು ಎಂದೆ. ಕೈ ನಿಂತಿತು. ಎಷ್ಟು ಸಮಯದಿಂದ ಎಂದು ಕೇಳಿದರು. ಮದುವೆಯಾದಂದಿನಿಂದ ಎಂದೆ, ಪ್ರೆಸ್ಸು ಶುರು ಮಾಡಿದ್ದು ಅದೇ ತಿಂಗಳು. ಯಾವಾಗ ಜಾಸ್ತಿ ಎಂದಾಗ, ಆದಿತ್ಯವಾರ ಇಡೀ ದಿನ ಮನೆಯಲ್ಲಿರುತ್ತೇನಲ್ಲ, ಆಗಲೇ ಜಾಸ್ತಿ, ನಲ್ಲಿ ರಿಪೇರಿ, ಜೇಡನ ಬಲೆ ತೆಗೆಯುವುದು ಎಲ್ಲ ಅವಳು ಅದೇ ದಿನಕ್ಕೆ ಇಟ್ಟಿರುತ್ತಾಳೆ ಎಂದು ವಿವರಿಸಲು ಹೊರಟೆ. ಮೊದಲರ್ಧವಷ್ಟೇ ಬಾಯಿಂದ ಹೊರಬಿತ್ತು, ಅಷ್ಟರಲ್ಲಿ ಅವರು ಮಗ್ಗುಲಾಗಿಸಿದ್ದರಿಂದ ಉಳಿದದ್ದು ಹಲಗೆಗೆ ಹೇಳಿದಂತಾಯಿತು. ಹೆಂಡತಿಗೆ ಗೊತ್ತುಂಟಾ ಎಂದು ಕೇಳಿದರು. ಗೊತ್ತುಂಟು, ಅರ್ಧದಷ್ಟು ಅವಳಿಂದಲೇ ಎಂದೆ.

ಅಲ್ಲಿಂದ ಮುಂದೆ ಸಂಜೀವಣ್ಣ ನನ್ನನ್ನು ಹೆತ್ತ ಮಗುವಿನಂತೆ ನೋಡಿಕೊಂಡರು. ಉಜ್ಜುವುದನ್ನು ಬಿಟ್ಟು ಸವರತೊಡಗಿದರು. ಹಬೆಪೆಟ್ಟಿಗೆಯೊಳಗೆ ಕೂರಿಸಿ, ಹೊರಗೆ ಉಳಿದ ನನ್ನ ತಲೆಯನ್ನು ಆಗಾಗ ಒರೆಸಿ, ಎಲ್ಲರಿಗೂ ಏನಾದರೊಂದು ಇರುತ್ತದೆ ಎಂದು ಸಮಾಧಾನ ಹೇಳಿದರು. ಕೆಲಸ ಹೆಚ್ಚಿರುವುದಕ್ಕೆ ಇಷ್ಟು ಮರುಗುವ ಮನುಷ್ಯನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹೊರಡುವಾಗ ಎರಡು ಗಂಟೆ ಸ್ನಾನ ಬೇಡ, ಎಣ್ಣೆ ಇಳಿಯಲಿ ಎಂದು ಹೇಳಿ, ಕಿವಿಯ ಹತ್ತಿ ತೆಗೆದರು.

ಹೊರಗೆ ಜಗಲಿಯಲ್ಲಿ ಕಷಾಯದ ಲೋಟ ಹಿಡಿದು ವಾರಿಜಾ ಕುಳಿತಿದ್ದಳು. ಪಕ್ಕದಲ್ಲಿ ಅಲ್ಲಿನ ಡಾಕ್ಟರು, ನಮ್ಮ ಮಗಳ ವಯಸ್ಸಿನ ಹುಡುಗಿ, ತಗ್ಗಿದ ಧ್ವನಿಯಲ್ಲಿ ಏನೋ ಹೇಳುತ್ತಿದ್ದಳು. ಸಂಜೀವಣ್ಣ ನನಗಿಂತ ಮೊದಲೇ ಹೋಗಿ ಡಾಕ್ಟರಿಗೆ ವರದಿ ಒಪ್ಪಿಸಿದ್ದರು. ನನ್ನನ್ನು ಕಂಡು ಡಾಕ್ಟರು ನಿಧಾನವಾಗಿ, ಕನ್ನಡದಲ್ಲಿ ಹೇಳಿದಳು: “ನಿಮಗೆ ಮನೆಯಲ್ಲಿ ಇರುವಾಗ ಬೇನೆ ಜಾಸ್ತಿ ಅಂತ ಹೇಳಿದ್ರಂತೆ. ಮದುವೆಯಾದಂದಿನಿಂದ ಉಂಟಂತೆ. ಇದು ಶರೀರದ್ದು ಮಾತ್ರ ಅಲ್ಲ, ನೀವಿಬ್ಬರೂ ಕೂತು ಮಾತಾಡಬೇಕು.”

ಬೇನೆ. ನೋವು. ತುಳುವಿನಲ್ಲೂ ಅದೇ, ಕನ್ನಡದಲ್ಲೂ ಅದೇ. ಸಂಜೀವಣ್ಣ ಕೇಳಿದ್ದು ‘ಬೇನೆ ಉಂಡಾ’ ಎಂದು, ಭುಜ ಒತ್ತುವವರು ಯಾರಾದರೂ ಕೇಳುವ ಪ್ರಶ್ನೆ. ಎಣ್ಣೆ ತುಂಬಿದ ನನ್ನ ಕಿವಿ ಅದರ ನಕಾರವನ್ನು ಲಕಾರ ಮಾಡಿ ಅಚ್ಚು ಹಾಕಿತ್ತು. ನಾನು ಕೊಟ್ಟ ಉತ್ತರಗಳನ್ನು ಒಂದೊಂದಾಗಿ ನೆನೆಸಿಕೊಂಡೆ. ‘ಅರ್ಧದಷ್ಟು ಅವಳಿಂದಲೇ’ ಎಂಬಲ್ಲಿಗೆ ಬಂದಾಗ ಆ ಎಣ್ಣೆಯ ಮೈಯಲ್ಲೂ ಚಳಿಯಾಯಿತು.

ಮೂಡಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಸ್ವಲ್ಪ ಹೊತ್ತು ಕೂತು ಬರುವುದೆಂದು ವಾರಿಜಾ ಮೊದಲೇ ಹೇಳಿದ್ದಳು. ಕಾರನ್ನು ಆ ಕಡೆಗೇ ತಿರುಗಿಸಿದಳು. ನನ್ನ ಸಂಕಟ ಯೋಚಿಸಿ. ಸುಮ್ಮನಿದ್ದರೆ, ಮದುವೆಯಾದಂದಿನಿಂದ ಇವಳೊಡನೆ ನೋವುಂಡವನಾಗುತ್ತೇನೆ. ತಿದ್ದುಪಡಿ ಹೇಳಿದರೆ, ಹಲಗೆಯ ಮೇಲೆ ಮಲಗಿದಲ್ಲೂ ಕೆಲಸದ ಸುದ್ದಿ ಮಾತಾಡಿ ಮಾತು ಮುರಿದವನಾಗುತ್ತೇನೆ, ಇನ್ನು ಅವಳು ಎಲ್ಲಿಗೂ ಕರೆಯುವುದಿಲ್ಲ. ಬಸದಿಯ ಹೊರಗಿನ ಕಲ್ಲಿನ ಕಟ್ಟೆಯ ಮೇಲೆ ಕುಳಿತೆವು. ಅವಳು ಎದುರಿಗೆ ನೋಡುತ್ತಿದ್ದಳು. ನಾನು ಕಂಬ ಎಣಿಸತೊಡಗಿದೆ, ಇಪ್ಪತ್ತನಾಲ್ಕಕ್ಕೆ ಲೆಕ್ಕ ತಪ್ಪಿತು, ಪುನಃ ಒಂದರಿಂದ ಶುರು ಮಾಡಿದೆ. ಅವಳ ಕಣ್ಣಂಚು ಒದ್ದೆಯಾಗಿರುವುದು ಆಗ ಕಾಣಿಸಿತು. ಕಂಬಗಳನ್ನು ಅಲ್ಲಿಗೇ ಬಿಟ್ಟೆ.

ಎಲ್ಲವನ್ನೂ ಹೇಳಿದೆ. ಬೇನೆಯಲ್ಲ ಮಾರಾಯ್ತಿ, ಬೇಲೆ ಎಂದು ಕೇಳಿಸಿತು, ನಾನು ಹೇಳಿದ್ದು ಕೆಲಸದ ಸುದ್ದಿ, ನೋವಿನದ್ದಲ್ಲ. ಅವಳಿಗೆ ನಗು ಬಂತು. ಇಷ್ಟಕ್ಕೇ ಮುಗಿಯಿತು, ಬಚಾವಾದೆ ಎಂದುಕೊಂಡೆ. ನಗು ಮುಗಿದ ಮೇಲೆ ಅವಳು ಮೆಲ್ಲಗೆ ಹೇಳಿದಳು: “ಬೇನೆ ಅಂತ ಹೇಳಿದ್ದಾದ್ರೇ ಒಳ್ಳೆಯದಿತ್ತು. ನೋವಾಗುವಷ್ಟಾದ್ರೂ ನೀವು ಮನೆಯಲ್ಲಿ ಇದ್ರಿ ಅಂತ ಆಗ್ತಿತ್ತು.”

ಬಾಳಿನುದ್ದಕ್ಕೂ ಊರವರ ವಾಕ್ಯಗಳನ್ನು ತಿದ್ದಿದವನು ನಾನು. ಈ ವಾಕ್ಯದಲ್ಲಿ ತಿದ್ದಲು ಏನೂ ಸಿಗಲಿಲ್ಲ. ಭುಜ ಆಗ ನಿಜವಾಗಿಯೂ ನೋಯುತ್ತಿತ್ತು, ಭುಜ ಮಾತ್ರವಲ್ಲ.

ಅವಳು ಚೀಲದಿಂದ ನನ್ನ ಫೋನು ತೆಗೆದು ಕೊಟ್ಟಳು. ಹಮೀದಾಕ ಆರು ಸಲ ಫೋನ್ ಮಾಡಿದ್ದರಂತೆ. ಮಾತಾಡಿ, ಪಾಪ ಅವರದ್ದೂ ಅವಸರ ಇರಬಹುದು ಎಂದಳು. ನಾನು ಫೋನು ಹಿಡಿದುಕೊಂಡು ಸ್ವಲ್ಪ ಹೊತ್ತು ನೋಡಿದೆ, ಆಮೇಲೆ ಕಿಸೆಗೆ ಹಾಕಿದೆ. ನಾಳೆ ನೋಡುವ, ಈಗ ಇಲ್ಲೇ ಕೂರುವ ಎಂದೆ. ವಾರಿಜಾ ನನ್ನನ್ನೊಮ್ಮೆ ಅಚ್ಚರಿಯಿಂದ ನೋಡಿ ಹತ್ತಿರ ಸರಿದು ಕುಳಿತಳು. ಕತ್ತಲಾಗುವವರೆಗೂ ಕೂತೆವು. ಮುಂದಿನ ವಾರ ಕಾರ್ಕಳದ ಕಡೆ ಹೋಗುವ ಎಂದು ಅವಳೇ ಕರೆದಳು. ಆ ದಿನ ಗಂಡ ತನ್ನ ಮಾತಿಗೆ ಕರಗಿ ಫೋನನ್ನು ದೂರವಿಟ್ಟ ಎಂದು ತಂಗಿಯರಿಗೆಲ್ಲ ಈಗಲೂ ಹೇಳುತ್ತಿರುತ್ತಾಳೆ. ನಿಜ ಸಂಗತಿಯೆಂದರೆ, ನನ್ನ ಹೆಬ್ಬೆರಳಲ್ಲಿ ಸಂಜೀವಣ್ಣನ ಎಣ್ಣೆ ಇನ್ನೂ ಇಳಿದಿರಲಿಲ್ಲ, ನಾಲ್ಕು ಸಲ ಒತ್ತಿದರೂ ಬೆರಳಚ್ಚು ಹತ್ತದೆ ಫೋನು ತೆರೆದುಕೊಳ್ಳಲಿಲ್ಲ. ಆ ಒಂದು ತಪ್ಪನ್ನು ತಿದ್ದಲು ನಾನು ಹೋಗಿಲ್ಲ.