ಭದ್ರತೆಗೆ ಹತ್ತಕ್ಕೆ ಎಷ್ಟು?

ಜುನೈದ್ ಆ ಕೆಲಸಕ್ಕೆ ಸಿಕ್ಕಿಬಿದ್ದದ್ದು ಬಾಯಿ ತುಂಬ ಉಪ್ಪಿಟ್ಟಿದ್ದುದರಿಂದ. ಕ್ರೈಸ್ಟ್‌ಚರ್ಚ್ ನಗರದ ಕನ್ನಡ ಸಂಘದ ಈಗಿನ ಅಧ್ಯಕ್ಷೆ ವಸುಂಧರಾ ಅವನ ತಟ್ಟೆಯ ಪಕ್ಕ ಬಂದು ನಿಂತು, "ಅಧ್ಯಕ್ಷ ಸ್ಥಾನಕ್ಕೆ ನಿಂತಿರೋ ಇಬ್ರಿಗೂ ಇವತ್ತು ಚರ್ಚೆ ಇಟ್ಟಿದೀವಿ. ಅಂಕ ಕೊಡೋಕೆ ನೀವೇ ಸರಿ" ಎಂದರು. ಬೇಡವೆನ್ನಲು ಅವನು ಕೈ ಎತ್ತಿದ. ವಸುಂಧರಾ ಆ ಕೈಯನ್ನೇ ಹಿಡಿದು ಕುಲುಕಿ, ಥ್ಯಾಂಕ್ಸ್ ಹೇಳಿ ಹೊರಟುಹೋದರು.

ಚರ್ಚೆಯ ವಿಷಯ ಭದ್ರತೆ ಮತ್ತು ಭಯೋತ್ಪಾದನೆ. ಯುಗಾದಿಯ ದಿನ ಯಾರೋ ಅಪರಿಚಿತ ದೊಡ್ಡ ಚೀಲ ಹೊತ್ತು ಸಭಾಂಗಣಕ್ಕೆ ಬಂದು, ಹೋಳಿಗೆ ತಿಂದು ಹೋಗಿದ್ದ. ಅವನು ಹೀಟರ್ ರಿಪೇರಿಯವನೆಂದು ಗೊತ್ತಾಗುವಷ್ಟರಲ್ಲಿ ಇಬ್ಬರೂ ಅಭ್ಯರ್ಥಿಗಳು ಭಾಷಣ ಬರೆದು ಮುಗಿಸಿದ್ದರು.

ಜುನೈದ್ ರಾಣೆಬೆನ್ನೂರಿನವನು, ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಸಂಘ ಸೇರಿ ಎರಡು ವರ್ಷವಾಗಿತ್ತು. ಊರಿನ ಮಾತು ಕಿವಿಗೆ ಬೀಳಲಿ ಎಂದು ಹೆಂಡತಿ ಶಿರೀನಳ ಜೊತೆ ಬರುತ್ತಿದ್ದ, ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ, ಊಟ ಮಾಡಿ ಹೋಗುತ್ತಿದ್ದ. ಅವನಿಗೆ ಬೇಕಿದ್ದದ್ದು ಅಷ್ಟೇ.

ಮೆಲ್ಲಗೆ ಜಾರಿಕೊಳ್ಳೋಣವೆಂದು ಕಾರಿನ ಹತ್ತಿರ ಹೋದರೆ ಅಲ್ಲಿ ಬೆಳಗಾವಿಯ ಹರ್ಷವರ್ಧನ್ ಹೊಂಚು ಹಾಕಿ ನಿಂತಿದ್ದ. ಮೊದಲನೇ ಅಭ್ಯರ್ಥಿ.

"ಎಲ್ಲಾ ಬಾಗಿಲಿಗೂ ಕ್ಯಾಮೆರಾ ಹಾಕ್ಸತೀನ್ರಿ. ಆದ್ರ ಈ ಟೆರರಿಸಂ ಬಗ್ಗೆ ನಿಮ್ಮ ಕಡೆಯವರು ಏನಂತಾರ?"

"ರಾಣೆಬೆನ್ನೂರು ಕಡೆಯವರೇನ್ರಿ?"

"ಅಲ್ರೀ... ಅಂದ್ರ, ನಿಮ್ಮ... ಇರ್ಲಿ ಬಿಡ್ರಿ" ಎಂದು ಹರ್ಷವರ್ಧನ್ ಕೆಮ್ಮಿದ.

ಅವನಿಂದ ತಪ್ಪಿಸಿಕೊಂಡು ಶೌಚಾಲಯಕ್ಕೆ ಹೋದರೆ ಎರಡನೇ ಅಭ್ಯರ್ಥಿ, ಮೈಸೂರಿನ ಬದರಿನಾಥ್, ಪಕ್ಕದ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದರು. ಒದ್ದೆ ಕೈಯನ್ನೇ ಜುನೈದನ ಹೆಗಲ ಮೇಲೆ ಹಾಕಿದರು. "ನನ್ನ ಹತ್ರ ಒಂದು ಸರ್‌ಪ್ರೈಸ್ ಇದೆ ಕಣ್ರೀ. ನೀವೇ ಮೆಚ್ಕೋತೀರ."

ಚರ್ಚೆ ಶುರುವಾಯಿತು. ಹರ್ಷವರ್ಧನ್ ಎಂಟು ಕ್ಯಾಮೆರಾ ಎಂದ. ಬದರಿನಾಥ್ ಎದ್ದು ಚೀಲದಿಂದ ಟೇಬಲ್ ಟೆನ್ನಿಸ್ ಬ್ಯಾಟಿನಂಥದೊಂದನ್ನು ಹೊರತೆಗೆದರು. ಲೋಹ ಪತ್ತೆ ಮಾಡುವ ಯಂತ್ರ. "ಕ್ಯಾಮೆರಾ ಮುಖ ನೋಡುತ್ತೆ, ಇದು ಒಳಗೇನಿದೆ ಅಂತ ನೋಡುತ್ತೆ. ಬನ್ನಿ ಜುನೈದ್, ತೀರ್ಪುಗಾರರಿಂದಲೇ ಶುರು ಮಾಡೋಣ!"

ಅವನು ಹಿಂದೆ ಸರಿಯುವಷ್ಟರಲ್ಲಿ ಯಂತ್ರ ಅವನ ಎಡಭುಜದ ಬಳಿ ಪೀ ಎಂದು ಕಿರುಚಿತು.

ಜನ ನಕ್ಕರು. ಬೀಗದಕೈ ತೆಗೆದಿಟ್ಟ. ಪೀ. ವಾಚು ಬಿಚ್ಚಿದ. ಪೀ. ಬೆಲ್ಟನ್ನೂ ಬಿಚ್ಚಿ, ಒಂದು ಕೈಯಲ್ಲಿ ಪ್ಯಾಂಟು ಹಿಡಿದು, ಮದುವೆಮನೆಯಲ್ಲಿ ಪಂಚೆ ಸಡಿಲಾದ ಮದುಮಗನಂತೆ ನಿಂತ. ಪೀ.

ನಗು ನಿಂತಿತು. ಮುಂದಿನ ಸಾಲಿನ ಪದ್ಮಾವತಿ ಆಂಟಿ ಮೊಮ್ಮಗಳನ್ನು ಮೆತ್ತಗೆ ಮಡಿಲಿಗೆ ಎಳೆದುಕೊಂಡರು. ಆ ಹುಡುಗಿಯ ಉಳುಕಿದ ಕಾಲನ್ನು ಹೋದ ವಾರವಷ್ಟೇ ಅವರ ಮನೆಗೆ ಹೋಗಿ ನೀವಿ ಬಂದವನು ಜುನೈದ್.

"ಜಾಕೆಟ್ ಒಳಗೆ ಏನಿದೆ?" ಬದರಿನಾಥರ ದನಿ ಸಣ್ಣದಾಗಿತ್ತು.

"ಜಾಕೆಟ್ ಒಳಗ ಏನಿಲ್ರಿ. ಭುಜದಾಗ ಐತಿ. ಗುಂಡಿನ ಚೂರು."

"ಯಾವ ಗುಂಡು?"

"ಆ ಮಾರ್ಚ್ ಶುಕ್ರವಾರ ಇದೇ ಊರಿನ ಮಸೀದಿಯಾಗ, ನಮಾಜಿಗೆ ಬಂದೋರ ಮ್ಯಾಲ ಒಬ್ಬ ಹಾರಿಸಿದ್ದು. ನನ್ನ ಮುಂದಿನ ಸಾಲಿನಾಗ ಕುಂತಿದ್ದೋರು ಏಳಲಿಲ್ರಿ. ನನಗ ಭುಜಕ್ಕ ಬಿತ್ತು. ಪೂರಾ ತೆಗೆದ್ರ ಕೈ ಹೋಗ್ತೈತಿ ಅಂತ ಡಾಕ್ಟರು ಒಂದು ಚೂರು ಒಳಗ ಬಿಟ್ರು."

ಹಿಂದಿನ ಸಾಲಿನಲ್ಲಿ ಶಿರೀನ್ ಎದ್ದು ನಿಂತಿದ್ದಳು. ಇದನ್ನು ಅವನು ಇಲ್ಲಿ ಯಾರಿಗೂ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ವಿಷಯ ಗೊತ್ತಾದ ಮೇಲೆ ಜನ ಅವನ ಜೊತೆ ಮಳೆ, ಕ್ರಿಕೆಟ್ ಮಾತಾಡುವುದನ್ನೇ ಬಿಟ್ಟಿದ್ದರು. ಇಲ್ಲಾದರೂ ಬರೀ ಜುನೈದ್ ಆಗಿರೋಣ ಅಂದುಕೊಂಡಿದ್ದ. ಹೋಗಲಿ, ಹೇಳಿಯಾಯಿತು. ಇನ್ನಾದರೂ ಈ ಯಂತ್ರವನ್ನು ಚೀಲಕ್ಕೆ ಹಾಕುತ್ತಾರೆ ಎಂದುಕೊಂಡ.

ಬದರಿನಾಥರ ಕಣ್ಣಲ್ಲಿ ನಿಜಕ್ಕೂ ನೀರಿತ್ತು. ಅವನನ್ನು ಗಟ್ಟಿಯಾಗಿ ತಬ್ಬಿಕೊಂಡರು. ಆಮೇಲೆ ಸಭೆಯತ್ತ ತಿರುಗಿ ಯಂತ್ರವನ್ನು ಎತ್ತಿ ಹಿಡಿದರು.

"ನೋಡಿದ್ರಾ? ಮೂಳೆ ಹತ್ರ ಇರೋ ಚೂರನ್ನೂ ಬಿಡಲಿಲ್ಲ!"

ಚಪ್ಪಾಳೆ ಹಿಂದಿನಿಂದ ಹುಟ್ಟಿ ಮುಂದಿನವರೆಗೂ ಬಂತು. "ನಿನ್ನ ಕ್ಯಾಮೆರಾಕ್ಕೆ ಇದು ಕಾಣ್ತಿತ್ತೇನಪ್ಪಾ?" ಎಂದು ಯಾರೋ ಕೂಗಿದರು. ಹರ್ಷವರ್ಧನ್ ತಲೆ ತಗ್ಗಿಸಿದ. ಮತ ಹಾಕಲು ಬದರಿನಾಥರ ಪರ ಕೈಗಳು ಮೇಲೆದ್ದವು, ಎಣಿಸುವ ಅಗತ್ಯವೇ ಬೀಳಲಿಲ್ಲ.

"ನನ್ನ ಅಂಕ ಹೇಳ್ಲೇನ್ರಿ? ಇಬ್ರಿಗೂ ಸೊನ್ನೆ" ಎಂದ ಜುನೈದ್. ಅಷ್ಟರಲ್ಲಿ ಮೈಕು ಹೊಸ ಅಧ್ಯಕ್ಷರ ಕೈ ಸೇರಿತ್ತು.

ಎಲ್ಲರೂ ಹೊರಡುವ ಹೊತ್ತಿಗೆ ಬದರಿನಾಥ್ ಓಡಿಬಂದು ದಾರ ಕಟ್ಟಿದ ಒಂದು ರಟ್ಟನ್ನು ಅವನ ಕೊರಳಿಗೆ ಹಾಕಿದರು. 'ಇವರಿಂದ ಅಪಾಯವಿಲ್ಲ' ಎಂದು ಸ್ಕೆಚ್ ಪೆನ್ನಿನಲ್ಲಿ ದುಂಡಗೆ ಬರೆದಿತ್ತು, ಕೆಳಗೆ ಅಧ್ಯಕ್ಷರ ಸಹಿ.

"ಇನ್ಮೇಲೆ ಬಾಗಿಲಲ್ಲಿ ಎಲ್ಲರನ್ನೂ ಚೆಕ್ ಮಾಡ್ತೀವಿ. ನಿಮಗೆ ಮಾತ್ರ ಮುಜುಗರ ಆಗಬಾರದು ಅಂತ" ಎಂದರು ತುಂಬು ಪ್ರೀತಿಯಿಂದ. ಆಮೇಲೆ ಶಿರೀನಳ ಕಡೆ ನೋಡಿದರು. "ನಿಮಗೂ ಒಂದು ಬರೆದುಕೊಡ್ಲಾಮ್ಮಾ?"

"ನನ್ನ ಮೈಯಾಗ ಏನೂ ಇಲ್ರಿ ಅಂಕಲ್."

"ಗೊತ್ತಮ್ಮಾ, ಗೊತ್ತು" ಎಂದು ಬದರಿನಾಥ್ ಪೆನ್ನಿನ ಮುಚ್ಚಳ ತೆಗೆದರು. "ಆದ್ರೂ ಇರಲಿ."